ಖಾಲಿ ಹೊಟ್ಟೆ, ತುಂಬಿದ ಬಾರ್‌ಬೆಲ್

(ಜಿಮ್ ತರಬೇತುದಾರರು ಮತ್ತು ವ್ಯಾಯಾಮ ಮಾಡುವವರ ಮುಂದೆ ಮೈಸೂರಿನಲ್ಲಿ ಒಂದು ಭಾನುವಾರ ಆಡಿದ ಮಾತಿನ ಬರಹ ರೂಪ.)

ಇವತ್ತು ತಿಂಡಿ ತಿನ್ನದೆ ಬಂದವರು ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಕೈ ಇಳಿಸಬೇಡಿ. ಅದೇ ಹೊಟ್ಟೆಯಲ್ಲಿ ಜಿಮ್‌ಗೂ ಹೋಗಿ ಬಂದವರು ಯಾರು? ಹದಿನೈದಿಪ್ಪತ್ತು ಕೈ ಇನ್ನೂ ಮೇಲಿವೆ. ಹತ್ತು ವರ್ಷದ ಹಿಂದೆ ಇದೇ ಪ್ರಶ್ನೆ ಕೇಳಿದ್ದರೆ ತಡವಾಗಿ ಎದ್ದವರಷ್ಟೇ ಕೈ ಎತ್ತುತ್ತಿದ್ದರು, ಅದೂ ನಾಚಿಕೊಂಡು. ಈಗ ತಿಂಡಿ ಬಿಟ್ಟಿದ್ದೇನೆ ಅನ್ನುವುದು ಹೆಮ್ಮೆಯ ಮಾತಾಗಿದೆ. ಇಂಟರ್‌ಮಿಟೆಂಟ್ ಫಾಸ್ಟಿಂಗ್, 16:8 ಅಂತಾರೆ. ಹದಿನಾರು ಗಂಟೆ ಉಪವಾಸ, ಎಂಟು ಗಂಟೆಯೊಳಗೆ ಊಟ. ಮಧ್ಯಾಹ್ನ ಒಂದಕ್ಕೆ ಶುರು, ರಾತ್ರಿ ಒಂಬತ್ತಕ್ಕೆ ಬಾಯಿ ಬಂದ್.

ನನ್ನ ಹತ್ತಿರ ಬರುವವರ ಪ್ರಶ್ನೆ ಒಂದೇ. "ಸಾರ್, ಖಾಲಿ ಹೊಟ್ಟೆಯಲ್ಲಿ ವೆಯ್ಟ್ ಎತ್ತಬಹುದಾ?" ಎತ್ತಬಹುದು. ಅಷ್ಟೇ ಆಗಿದ್ದರೆ ನಾನು ಈಗಲೇ ಮೈಕ್ ಬಿಟ್ಟು ಇಳಿಯುತ್ತಿದ್ದೆ. ಆದರೆ ಕೇಳುವವರಿಗೆಲ್ಲ ಹೊಟ್ಟೆಯದ್ದೇ ಚಿಂತೆ, ಎಡವುವುದು ಮಾತ್ರ ಬೇರೆ ಕಡೆ. ನಾನೂ ಎಡವಿದವನೇ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಆಗ ನಾನು ಹೊಸದಾಗಿ ಈ ಉಪವಾಸ ಹಿಡಿದಿದ್ದೆ. ಹಿಂದಿನ ರಾತ್ರಿ ಎಂಟಕ್ಕೆ ಊಟ ಮುಗಿದಿತ್ತು. ಬೆಳಗ್ಗೆ ಒಂದು ಲೋಟ ಕಪ್ಪು ಕಾಫಿ. ನೀರು ಕುಡಿದ ನೆನಪಿಲ್ಲ. ಏಪ್ರಿಲ್ ತಿಂಗಳು. ಕೆಲಸ ಮಾಡುತ್ತಿದ್ದ ಜಿಮ್‌ಗೆ ಶೀಟಿನ ಚಾವಣಿ, ಇಡೀ ಹಾಲ್‌ಗೆ ಎರಡು ಫ್ಯಾನು. ಹನ್ನೊಂದು ಗಂಟೆಗೆ ಡೆಡ್‌ಲಿಫ್ಟ್‌ಗೆ ನಿಂತೆ, ಅಂದರೆ ನೆಲದ ಮೇಲಿನ ಬಾರ್ ಹಿಡಿದೆತ್ತಿ ನೆಟ್ಟಗೆ ನಿಲ್ಲುವುದು, 120 ಕೆಜಿ. ಐದನೇ ಸಲ ಎತ್ತಿ, ಬಾರ್ ಕೆಳಗಿಟ್ಟು, ನೆಟ್ಟಗೆ ನಿಂತೆ ನೋಡಿ, ಕಣ್ಣು ಕತ್ತಲೆ ಬಂತು. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಗೋಡೆ ಹಿಡಿದು ಹಾಗೇ ಕೂತೆ. ಜೊತೆಗಿದ್ದ ಹುಡುಗ "ಶುಗರ್ ಇಳಿದಿದೆ, ಶುಗರ್ ಇಳಿದಿದೆ" ಅಂತ ಗ್ಲೂಕೋಸ್ ಪುಡಿ ಬಾಯಿಗೆ ಸುರಿಯಲು ಬಂದ. ಅವರಪ್ಪನ ಗ್ಲುಕೋಮೀಟರ್‌ಗೆ ಸೆಲ್ ಹಾಕಿಸಿ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದನಂತೆ. ಚುಚ್ಚಿ ನೋಡಿದರೆ 84. ಉಪವಾಸದಲ್ಲಿರುವವನಿಗೆ ಇರಬೇಕಾದಷ್ಟೇ ಇದೆ.

ನನ್ನಲ್ಲಿ ಕಮ್ಮಿಯಾಗಿದ್ದದ್ದು ಸಕ್ಕರೆಯಲ್ಲ, ನೀರು ಮತ್ತು ಉಪ್ಪು. ಭಾರ ಎತ್ತುವಾಗ ನಾವು ಉಸಿರು ಕಟ್ಟಿ ಹೊಟ್ಟೆ ಬಿಗಿ ಹಿಡಿಯುತ್ತೇವೆ. ರಕ್ತದೊತ್ತಡ ಸರ್ರನೆ ಏರುತ್ತದೆ. ಉಸಿರು ಬಿಟ್ಟ ತಕ್ಷಣ ಅಷ್ಟೇ ಬೇಗ ಇಳಿಯುತ್ತದೆ. ಮೈಯಲ್ಲಿ ನೀರು ಸಾಕಷ್ಟಿದ್ದರೆ ಒಂದೆರಡು ಸೆಕೆಂಡಿನಲ್ಲಿ ಸರಿಹೋಗುತ್ತದೆ. ಇಲ್ಲದಿದ್ದರೆ ತಲೆಗೆ ರಕ್ತ ಸಾಲದೆ ಕಣ್ಣು ಮಂಜಾಗುತ್ತದೆ. ಉಪ್ಪು ಹಾಕಿದ ನಿಂಬೆ ನೀರು ಕುಡಿದು ಕಾಲು ಗಂಟೆ ಕೂತೆ, ಎದ್ದು ಓಡಾಡಿದೆ.

ತಿಂಡಿ ಬಿಡುವವರು ಲೆಕ್ಕ ಹಾಕುವುದು ಕ್ಯಾಲೊರಿ ಮಾತ್ರ. ಇಡ್ಲಿಗೆ ಎರಡು ಸೌಟು ಸಾಂಬಾರು ಸುರಿದುಕೊಳ್ಳುತ್ತೀರಲ್ಲ, ಅದರಲ್ಲಿ ಏನಿದೆ? ಬಹುಪಾಲು ನೀರು, ಮೇಲೆ ಉಪ್ಪು. ಇಡ್ಲಿಯಲ್ಲೂ ಅರ್ಧಕ್ಕಿಂತ ಜಾಸ್ತಿ ನೀರೇ. ತಿಂಡಿಯ ಜೊತೆ ಕುಡಿಯುವ ಲೋಟ ನೀರು ಬೇರೆ. ತಿಂಡಿ ಹೋದರೆ ಇದೆಲ್ಲ ಅದರ ಜೊತೆಗೇ ಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಸಾಲದ್ದಕ್ಕೆ ಉಪವಾಸದಲ್ಲಿ ಇನ್ಸುಲಿನ್ ಇಳಿದಾಗ ಕಿಡ್ನಿ ಉಪ್ಪನ್ನು ಸ್ವಲ್ಪ ಧಾರಾಳವಾಗಿಯೇ ಹೊರಗೆ ಬಿಡುತ್ತದೆ. ಹಾಗಾಗಿ ಬೆಳಗ್ಗೆ ಎದ್ದು ಜಿಮ್‌ಗೆ ಹೊರಡುವ ಮುಂಚೆ ಅರ್ಧ ಲೀಟರ್ ನೀರು, ಒಂದು ಚಿಟಿಕೆ ಉಪ್ಪು. ಬಿಪಿ ಇರುವವರು ಉಪ್ಪಿನ ವಿಷಯ ನಿಮ್ಮ ಡಾಕ್ಟರನ್ನು ಕೇಳಿ, ನನ್ನನ್ನಲ್ಲ.

ಸರಿ, ಶಕ್ತಿಯ ವಿಷಯ. ಹನ್ನೆರಡು ಗಂಟೆ ತಿಂದಿಲ್ಲ, ಹಾಗಾದರೆ ಹೆಗಲ ಮೇಲೆ ಭಾರ ಹೊತ್ತು ಕೂತೇಳುವ ಸ್ಕ್ವಾಟ್ ಮಾಡಲು ಬಲ ಎಲ್ಲಿಂದ ಬರುತ್ತದೆ? ನಮ್ಮ ಮೈ ಸಕ್ಕರೆಯನ್ನು ಗ್ಲೈಕೋಜನ್ ಅನ್ನುವ ರೂಪದಲ್ಲಿ ಎರಡು ಕಡೆ ಕೂಡಿಡುತ್ತದೆ. ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಎಲ್ಲ ಸೇರಿ 300ರಿಂದ 500 ಗ್ರಾಂ. ಲಿವರ್ ಅಂದರೆ ಊರಿನ ಅಂಗಡಿ ಇದ್ದ ಹಾಗೆ. ರಾತ್ರಿಯಿಡೀ ತೆರೆದಿರುತ್ತದೆ, ಮಿದುಳಿಗೆ, ರಕ್ತಕ್ಕೆ ಸಕ್ಕರೆ ಅಳೆದು ಕೊಡುತ್ತಿರುತ್ತದೆ. ಬೆಳಗಾಗುವಷ್ಟರಲ್ಲಿ ಅದರ ದಾಸ್ತಾನು ಚೆನ್ನಾಗಿಯೇ ಕರಗಿರುತ್ತದೆ. ಸ್ನಾಯು ಹಾಗಲ್ಲ, ಅದು ಪಕ್ಕದ ಮನೆಗೆ ಒಂದು ಪಾವು ಅಕ್ಕಿ ಸಾಲ ಕೊಡದ ಜಿಪುಣ. ಗ್ಲೈಕೋಜನ್ನನ್ನು ಮತ್ತೆ ಸಕ್ಕರೆ ಮಾಡಿ ರಕ್ತಕ್ಕೆ ಬಿಡಲು ಬೇಕಾದ ಕೊನೆಯ ಕಿಣ್ವವೇ ಅದರ ಹತ್ತಿರ ಇಲ್ಲ. ಒಳಗೆ ಹೋದದ್ದು ಆ ಸ್ನಾಯುವಿನ ಕೆಲಸಕ್ಕೇ. ಹಾಗಾಗಿ ರಾತ್ರಿ ನೀವು ಮಲಗಿದ್ದಾಗ ತೊಡೆಯ ದಾಸ್ತಾನು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಒಂದು ಗಂಟೆ ಚೆನ್ನಾಗಿ ಭಾರ ಎತ್ತಿದರೂ ದುಡಿದ ಸ್ನಾಯುವಿನಲ್ಲಿ ಖರ್ಚಾಗುವುದು ಕಾಲು ಭಾಗದಿಂದ ಶೇಕಡಾ 40ರವರೆಗೆ. ನೆನ್ನೆ ರಾತ್ರಿ ಮುದ್ದೆ ಉಂಡವನ ತೊಡೆ ಇವತ್ತು ಬೆಳಗ್ಗೆ ಖಾಲಿ ಇರುವುದಿಲ್ಲ. ಖಾಲಿ ಇರುವುದು ಹೊಟ್ಟೆ ಮಾತ್ರ.

ಹಾಗಿದ್ದರೆ ಖಾಲಿ ಹೊಟ್ಟೆಯಲ್ಲಿ ಬಲ ಕಮ್ಮಿ ಅನಿಸುವುದು ಸುಳ್ಳಾ? ಸುಳ್ಳಲ್ಲ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿದರು. 2019ರಲ್ಲಿ ಪ್ರಕಟವಾಯಿತು. ವೆಯ್ಟ್ ಎತ್ತಿ ಪಳಗಿದ 16 ಗಂಡಸರು. ಒಂದು ದಿನ ತಿಂಡಿ ತಿಂದು, ಇನ್ನೊಂದು ದಿನ ಬರೀ ನೀರು ಕುಡಿದು, ಎರಡು ಗಂಟೆ ಬಿಟ್ಟು ಕೈಲಾಗದವರೆಗೆ ಎತ್ತಬೇಕು. ತಿಂಡಿ ಇಲ್ಲದ ದಿನ ಸ್ಕ್ವಾಟ್‌ನ ರೆಪ್‌ಗಳು, ಅಂದರೆ ಎಷ್ಟು ಸಲ ಎತ್ತಿದರು ಅನ್ನುವುದು, ಶೇಕಡಾ 15ರಷ್ಟು ಕಮ್ಮಿಯಾದವು, ಅಂಗಾತ ಮಲಗಿ ಭಾರ ಮೇಲೆ ತಳ್ಳುವ ಬೆಂಚ್ ಪ್ರೆಸ್ ಶೇಕಡಾ 6ರಷ್ಟು. ನೋಡಿದಿರಾ, ತಿಂಡಿ ಬೇಕೇ ಬೇಕು ಅಂತ ಕೆಲವರು ಕುಣಿದರು.

ಆದರೆ ಅದೇ ತಂಡ ಮರುವರ್ಷ ಇನ್ನೊಂದು ಕೆಲಸ ಮಾಡಿತು. ನನಗೆ ಈ ಪ್ರಯೋಗ ಬಹಳ ಇಷ್ಟ. ಈ ಸಲ 22 ಜನ, ಮೂರು ತರದ ತಿಂಡಿ. ಒಂದು ಬರೀ ನೀರು. ಒಂದು ಪಿಷ್ಟ ಇರುವ ಗಟ್ಟಿ ಗಂಜಿಯಂಥದ್ದು. ಇನ್ನೊಂದು ನೋಡಲು, ಕುಡಿಯಲು ಅದೇ ಗಂಜಿ, ಆದರೆ ಒಳಗೆ ಹೇಳಿಕೊಳ್ಳುವಂಥ ಕ್ಯಾಲೊರಿ ಇಲ್ಲ, ಅಂಟು ಹಾಕಿ ಗಟ್ಟಿ ಮಾಡಿದ್ದು. ಏನಾಯಿತು ಅಂತೀರಿ? ಸುಳ್ಳು ಗಂಜಿ ಕುಡಿದ ದಿನವೂ ನಿಜವಾದ ಗಂಜಿ ಕುಡಿದ ದಿನದಷ್ಟೇ ಸ್ಕ್ವಾಟ್ ಮಾಡಿದರು. ಬರೀ ನೀರಿನ ದಿನ ಹಿಂದೆ ಬಿದ್ದರು. ಹಸಿವು ಅಡಗಿತ್ತು, ತಿಂದಿದ್ದೇನೆ ಅನ್ನುವ ನಂಬಿಕೆ ಇತ್ತು, ಅಷ್ಟು ಸಾಕಾಯಿತು. ಆ ಶೇಕಡಾ 15ರ ಬಹುಪಾಲು ಸ್ನಾಯುವಿನ ಕೊರತೆಯಲ್ಲ, ಹಸಿದ ಮನಸ್ಸಿನ ತಕರಾರು. ಉಪವಾಸಕ್ಕೆ ಒಗ್ಗಿಕೊಂಡವರಲ್ಲಿ ಈ ತಕರಾರು ಮೆಲ್ಲಗೆ ಕಮ್ಮಿಯಾಗುವುದನ್ನು ನಾನು ದಿನಾ ನೋಡುತ್ತೇನೆ. ಮೊದಲ ಎರಡು ಮೂರು ವಾರ ಗೊಣಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಇನ್ನು ರಂಜಾನ್ ಉಪವಾಸದ ಮಾತು. ಅಲ್ಲಿ ನೀರೂ ಇಲ್ಲ, ಹಾಗಾಗಿ ಅದು ನಿಜವಾದ ಪರೀಕ್ಷೆ. ಟ್ಯುನೀಶಿಯಾದಲ್ಲಿ 16 ಜನ ಬಾಡಿಬಿಲ್ಡರ್‌ಗಳನ್ನು ರಂಜಾನ್ ತಿಂಗಳು ಪೂರ್ತಿ ಗಮನಿಸಿದರು. ವರದಿ ಬಂದದ್ದು 2013ರಲ್ಲಿ. ಅರ್ಧ ಜನ ಸಂಜೆ ಉಪವಾಸ ಬಿಡುವ ಮುಂಚೆ ವ್ಯಾಯಾಮ ಮಾಡಿದರು, ಉಳಿದವರು ರಾತ್ರಿ ಉಂಡ ಮೇಲೆ. ತಿಂಗಳ ಕೊನೆಗೆ ಕೊಬ್ಬು, ಮಾಂಸಖಂಡ ಎರಡರಲ್ಲೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಉಪವಾಸದಲ್ಲಿ ಎತ್ತಿದವರಲ್ಲಿ ಏರುಪೇರಾದದ್ದು ಕಿಡ್ನಿ ಹೊರಹಾಕುವ ಯೂರಿಯಾ ಮತ್ತು ಕ್ರಿಯಾಟಿನಿನ್, ಮೂತ್ರದ ಸಾಂದ್ರತೆ, ಅಂದರೆ ಮತ್ತೆ ನೀರಿನ ಬಾಬತ್ತು. ನನ್ನ ಡೆಡ್‌ಲಿಫ್ಟಿನ ಕಥೆಯೇ.

ಕೊಬ್ಬು ಜಾಸ್ತಿ ಕರಗುತ್ತದೆ ಅಂತ ಖಾಲಿ ಹೊಟ್ಟೆಯಲ್ಲಿ ಮಾಡುವವರು ಇಲ್ಲಿ ಬಹಳ ಜನ ಇದ್ದೀರಿ, ನಿಮಗೊಂದು ಮಾತು. ಆ ಒಂದು ಗಂಟೆಯಲ್ಲಿ ಮೈ ಕೊಬ್ಬನ್ನು ಜಾಸ್ತಿ ಉರಿಸುವುದು ನಿಜ. ಉಳಿದ 23 ಗಂಟೆಯಲ್ಲಿ ಅದು ಲೆಕ್ಕ ಸರಿದೂಗಿಸಿಕೊಳ್ಳುತ್ತದೆ. ಅಮೆರಿಕದ ವ್ಯಾಯಾಮ ಸಂಶೋಧಕ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು 2014ರಲ್ಲಿ 20 ಜನ ಯುವತಿಯರಿಗೆ ನಾಲ್ಕು ವಾರ ಕಾರ್ಡಿಯೋ, ಅಂದರೆ ಎದೆಬಡಿತ ಏರಿಸುವ ವ್ಯಾಯಾಮ, ಮಾಡಿಸಿದರು. ಅರ್ಧ ಜನ ತಿಂದು, ಅರ್ಧ ಜನ ತಿನ್ನದೆ. ಇಬ್ಬರದೂ ಡಯಟ್ ಒಂದೇ ಅಳತೆ. ತೂಕ, ಕೊಬ್ಬು ಎರಡೂ ಸಮನಾಗಿಯೇ ಇಳಿದವು. ಅಷ್ಟೇ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇದೆ ಅಲ್ವಾ? ತೊಂದರೆ ಶುರುವಾಗುವುದು ಬಾರ್ ಕೆಳಗಿಟ್ಟ ಮೇಲೆ.

ಭಾರ ಎತ್ತಿದ ಮೇಲೆ ಸ್ನಾಯುವಿನಲ್ಲಿ ಕಟ್ಟುವ ಕೆಲಸ, ಒಡೆಯುವ ಕೆಲಸ ಎರಡೂ ಜೋರಾಗುತ್ತವೆ. 1997ರಲ್ಲಿ ಸ್ನಾಯುಗಳ ಸಂಶೋಧಕ ಸ್ಟುವರ್ಟ್ ಫಿಲಿಪ್ಸ್ ಮತ್ತು ಅವರ ಜೊತೆಗಾರರು ಉಪವಾಸದಲ್ಲಿದ್ದವರ ಮೇಲೆ ಇದನ್ನು ಅಳೆದರು. ವ್ಯಾಯಾಮದ ಮೂರು ಗಂಟೆಯ ನಂತರ ಕಟ್ಟುವ ವೇಗ ಎರಡು ಪಟ್ಟು ದಾಟಿತ್ತು. ಎರಡು ದಿನ ಕಳೆದರೂ ಮಾಮೂಲಿಗಿಂತ ಮೇಲೇ ಇತ್ತು. ಆದರೂ ಜಮಾ-ಖರ್ಚು ನೋಡಿದರೆ ಖರ್ಚೇ ಸ್ವಲ್ಪ ಜಾಸ್ತಿ. ವ್ಯಾಯಾಮದಿಂದ ನಷ್ಟ ಕಮ್ಮಿಯಾಯಿತು, ಲಾಭ ಬರಲಿಲ್ಲ. ಯಾಕೆ? ಗಾರೆಯವರು ಬಂದು ನಿಂತಿದ್ದಾರೆ, ಇಟ್ಟಿಗೆ ಲಾರಿ ಬಂದಿಲ್ಲ. ಪ್ರೋಟೀನ್ ಹೊಟ್ಟೆಗೆ ಬಿದ್ದಾಗಲೇ ಲೆಕ್ಕ ಲಾಭದ ಕಡೆ ತಿರುಗುವುದು.

ನಮ್ಮ ಊರಿನ ಗರಡಿ ಮನೆಗಳನ್ನು ನೆನಪಿಸಿಕೊಳ್ಳಿ. ಪೈಲ್ವಾನರು ಸಾಮು ಮಾಡುವುದು ಯಾವಾಗ? ನಸುಕಿನಲ್ಲಿ, ಬರಿಹೊಟ್ಟೆಯಲ್ಲಿ. ನೂರಾರು ಬಸ್ಕಿ, ದಂಡ, ಗದೆ ತಿರುಗಿಸುವುದು, ಆಮೇಲೆ ಮಣ್ಣಿನಲ್ಲಿ ಪಟ್ಟು. ಅವರಿಗೆ ಇಂಟರ್‌ಮಿಟೆಂಟ್ ಫಾಸ್ಟಿಂಗ್ ಅನ್ನುವ ಹೆಸರೇ ಗೊತ್ತಿರಲಿಲ್ಲ. ಆದರೆ ಮೈಗೆ ಹತ್ತಿದ ಮಣ್ಣು ಒದರಿಕೊಳ್ಳುವಷ್ಟರಲ್ಲಿ ಬಾದಾಮಿ ಅರೆದು ಹಾಕಿದ ಹಾಲಿನ ಚೊಂಬು ಕೈಗೆ ಬರುತ್ತಿತ್ತು. ಅದರ ಹಿಂದೆಯೇ ಊಟ. ಸಾಮಿಗೆ ಮುಂಚೆ ಅವರು ತಿನ್ನಲಿಲ್ಲ, ಸರಿ. ಸಾಮಿನ ನಂತರ ಮಧ್ಯಾಹ್ನದ ಊಟಕ್ಕೆ ಅಂತ ಏಳು ಗಂಟೆ ಹೊತ್ತು ಕಾಯಲೂ ಇಲ್ಲ. "ನಮ್ಮ ಹಿರಿಯರೂ ಖಾಲಿ ಹೊಟ್ಟೆಯಲ್ಲೇ ಮಾಡ್ತಿದ್ರು" ಅನ್ನುವವರು ಈ ಚೊಂಬನ್ನು ಮರೆತುಬಿಡುತ್ತಾರೆ.

ಭಾರ ಎತ್ತುವುದನ್ನೇ ಕ್ರೀಡೆ ಮಾಡಿಕೊಂಡವರನ್ನು ನೋಡಿ. ನಮ್ಮ ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಬೆಳ್ಳಿ, 2022ರಲ್ಲಿ 61 ಕೆಜಿಯಲ್ಲಿ ಕಂಚು ಗೆದ್ದವರು. ಆ ಆಟದಲ್ಲಿ ಸ್ಪರ್ಧೆಗೆ ಎರಡು ಗಂಟೆ ಮುಂಚೆ ತೂಕ ನೋಡುತ್ತಾರೆ. ವಿಭಾಗದೊಳಗೆ ಇರಬೇಕಲ್ಲ, ಹಾಗಾಗಿ ಎಷ್ಟೋ ಜನ ಅಲ್ಲಿಯವರೆಗೆ ಹೊಟ್ಟೆ ಕಟ್ಟಿರುತ್ತಾರೆ. ತಕ್ಕಡಿಯಿಂದ ಇಳಿದ ಕೂಡಲೇ ಮಾಡುವ ಮೊದಲ ಕೆಲಸ ತಿನ್ನುವುದು, ಕುಡಿಯುವುದು.

ಈಗ ನನ್ನ ಒಬ್ಬ ಶಿಷ್ಯನ ಲೆಕ್ಕ ಹೇಳುತ್ತೇನೆ. ಹೆಸರು ಬೇಡ. ಬ್ಯಾಂಕಿನಲ್ಲಿ ಕ್ಯಾಷಿಯರ್, 34 ವರ್ಷ, 70 ಕೆಜಿ. ಬೆಳಗ್ಗೆ ಐದೂವರೆಗೆ ಜಿಮ್, ಮಧ್ಯಾಹ್ನ ಒಂದೂವರೆಗೆ ಮೊದಲ ಊಟ. ಮೂರು ತಿಂಗಳಲ್ಲಿ ಆರು ಕೆಜಿ ಇಳಿದಿದ್ದ. ಖುಷಿಯಾಗಿರಬೇಕಿತ್ತು. ಆದರೆ 60 ಕೆಜಿ ಬೆಂಚ್ ಪ್ರೆಸ್ ಮಾಡುತ್ತಿದ್ದವನು 50ಕ್ಕೆ ಬಂದಿದ್ದ, ಮುಖ ಒಣಗಿತ್ತು. ಅವರಮ್ಮ ಒಂದು ದಿನ ಜಿಮ್ ಬಾಗಿಲಿಗೇ ಬಂದು "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯ್ತು ಇವನ ಕಥೆ. ನೀವೇ ಹೇಳಿ ಸ್ವಾಮಿ" ಅಂದರು. ನಾನು ಅವನಿಗೆ ಒಂದು ಚೀಟಿ ಕೊಟ್ಟು ಮೂರು ದಿನ ತಿಂದದ್ದೆಲ್ಲ ಬರಿ ಅಂದೆ.

ಚೀಟಿಯಲ್ಲಿ ಏನಿತ್ತು? ಮಧ್ಯಾಹ್ನ ಅನ್ನ, ತಿಳಿಸಾರು, ಬೀನ್ಸ್ ಪಲ್ಯ, ಮಜ್ಜಿಗೆ. ಸಂಜೆ ಟೀ, ಎರಡು ಬಿಸ್ಕತ್ತು. ರಾತ್ರಿ ಎರಡು ಚಪಾತಿ, ಸಾಗು, ಸ್ವಲ್ಪ ಮೊಸರನ್ನ. ಪ್ರೋಟೀನ್ ಕೂಡಿಸಿದೆವು. ಮಧ್ಯಾಹ್ನದ್ದು 14-15 ಗ್ರಾಂ, ರಾತ್ರಿಯದ್ದೂ ಹೆಚ್ಚುಕಮ್ಮಿ ಅಷ್ಟೇ. ಟೀ ಬಿಸ್ಕತ್ತು ಸೇರಿಸಿದರೂ ದಿನಕ್ಕೆ 35 ದಾಟಲಿಲ್ಲ. ಮೊದಲಾದರೆ ಬೆಳಗ್ಗೆ ಎರಡು ಮೊಟ್ಟೆ, ಲೋಟ ಹಾಲು ಇತ್ತಂತೆ. ಉಪವಾಸ ಅಂತ ಬಿಟ್ಟದ್ದು ಅದನ್ನೇ! ಸುಮ್ನೆ ಕೂತಿರುವ ಮನುಷ್ಯನಿಗೂ ಕೆಜಿಗೆ 0.83 ಗ್ರಾಂ ಬೇಕು ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಅಂದರೆ ಇವನಿಗೆ 58. ಭಾರ ಎತ್ತುವವರಿಗೆ 1.6 ಗ್ರಾಂವರೆಗೂ ಪ್ರಯೋಜನ ಇದೆ ಅಂತ 49 ಅಧ್ಯಯನ ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ಹೇಳಿತು. ಅದು 112. ಇವನು ತಿನ್ನುತ್ತಿದ್ದದ್ದು ಮೂರರಲ್ಲಿ ಒಂದು ಪಾಲು. ಇದನ್ನು ಖಾಲಿ ಹೊಟ್ಟೆಯ ತಪ್ಪು ಅಂದರೆ ಹೊಟ್ಟೆಗೆ ಅನ್ಯಾಯ. ತಪ್ಪು ತುಂಬಿದ ತಟ್ಟೆಯದ್ದು.

ಅಮೆರಿಕದಲ್ಲೂ ಇಂಥದ್ದೇ ಕಂಡಿತು. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಒಂದು ಪ್ರಯೋಗ ಬಂತು. 116 ಜನ, 12 ವಾರ. ಒಂದು ಗುಂಪಿಗೆ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಮಾತ್ರ ಊಟ. ಏನು ತಿನ್ನಬೇಕು ಅಂತ ಹೇಳಲಿಲ್ಲ, ವ್ಯಾಯಾಮವನ್ನೂ ಹೇಳಲಿಲ್ಲ. ಆ ಗುಂಪಿನಲ್ಲಿ ಮೈ ಪೂರ್ತಿ ಸ್ಕ್ಯಾನ್ ಮಾಡಿಸಿಕೊಂಡವರು ಇಳಿಸಿದ್ದು ಸುಮಾರು 1.7 ಕೆಜಿ, ಅದರಲ್ಲಿ 1.1 ಕೆಜಿಯಷ್ಟು ಕೊಬ್ಬಲ್ಲ. ಇದಕ್ಕೆ ಎದುರಾಗಿ ಇಟಲಿಯ ಪಾದೊವಾದಲ್ಲಿ 2016ರಲ್ಲಿ ವೆಯ್ಟ್ ಎತ್ತುವ 34 ಗಂಡಸರ ಮೇಲೆ ಎಂಟು ವಾರ ನಡೆಸಿದ ಪ್ರಯೋಗ ಇದೆ. ಅರ್ಧ ಜನ ದಿನಕ್ಕೆ ಎಂಟು ಗಂಟೆಯೊಳಗೆ ಮಾತ್ರ ಉಂಡರು. ಅವರ ಕೊಬ್ಬು ಇಳಿಯಿತು, ಮಾಂಸಖಂಡ ಉಳಿಯಿತು. ಖಾಲಿ ಹೊಟ್ಟೆಯಲ್ಲಿ ಎತ್ತುವವರೆಲ್ಲ ಇದನ್ನೇ ಸಾಕ್ಷಿ ಕರೆಯುತ್ತಾರೆ. ಆದರೆ ಅವರು ಉಣ್ಣುತ್ತಿದ್ದದ್ದು ಮಧ್ಯಾಹ್ನ ಒಂದಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ಎಂಟಕ್ಕೆ. ವ್ಯಾಯಾಮ ಇದ್ದದ್ದು ಸಂಜೆ, ಊಟದ ಅವಧಿಯ ಒಳಗೇ. ಪ್ರೋಟೀನೂ ಕೈತುಂಬಾ. ಖಾಲಿ ಹೊಟ್ಟೆಯಲ್ಲಿ ಅವರು ಒಂದು ಡಂಬೆಲ್ಲೂ ಎತ್ತಿರಲಿಲ್ಲ!

ಕ್ಯಾಷಿಯರ್ ವಿಷಯಕ್ಕೆ ಬರೋಣ. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಊಟದ ಅವಧಿ ಇಟ್ಟುಕೋ ಅಂದೆ. ಜಿಮ್ ಮುಗಿಸಿ ನೇರ ತಿಂಡಿ, ಎಲ್ಲಕ್ಕಿಂತ ಸಲೀಸು. ನಮ್ಮ ಜೈನರು ಸೂರ್ಯ ಮುಳುಗುವ ಮುಂಚೆ ಉಣ್ಣುವುದಿಲ್ಲವೇ, ಹೆಚ್ಚುಕಮ್ಮಿ ಆ ದಾರಿ. ಅವನು ತಲೆ ಅಲ್ಲಾಡಿಸಿದ. "ರಾತ್ರಿ ಊಟಕ್ಕೆ ಮಾತ್ರ ಮನೆಯವರೆಲ್ಲ ಒಟ್ಟಿಗೆ ಕೂರೋದು ಸಾರ್, ಮಗಳು ಒಬ್ಬಳೇ ಊಟ ಮಾಡಲ್ಲ." ಇದಕ್ಕೆ ಯಾವ ವಿಜ್ಞಾನದಲ್ಲೂ ಉತ್ತರ ಇಲ್ಲ. ಹಾಗಾಗಿ ಜಿಮ್ಮನ್ನು ಸಂಜೆ ಆರೂವರೆಗೆ ತಳ್ಳಿದೆವು, ಊಟದ ಅವಧಿ ಒಂದರಿಂದ ಒಂಬತ್ತು ಹಾಗೇ ಉಳಿಯಿತು. ಮಧ್ಯಾಹ್ನದ ಡಬ್ಬಿಗೆ ಐವತ್ತು ಗ್ರಾಂ ಹೆಸರುಕಾಳಿನ ಉಸಲಿ, 12 ಗ್ರಾಂ. ಬಿಸ್ಕತ್ತಿನ ಜಾಗಕ್ಕೆ ಒಂದು ಹಿಡಿ ಕಡಲೇಬೀಜ, 10. ಜಿಮ್ ಮುಗಿಸಿ ಮೂರು ಮೊಟ್ಟೆ, 18. ರಾತ್ರಿ ಸಾಗುವಿಗೆ ಐವತ್ತು ಗ್ರಾಂ ಸೋಯಾ ಚಂಕ್ಸ್, 26. ದಿನದಲ್ಲಿ ಒಟ್ಟು ಅರ್ಧ ಲೀಟರ್ ಹಾಲು ಮೊಸರು, 16. ಹಳೆಯ 35ಕ್ಕೆ ಇದನ್ನು ಕೂಡಿಸಿ ನೋಡಿ, ಪ್ರೋಟೀನ್ ಪುಡಿ ಡಬ್ಬ ಇಲ್ಲದೆಯೇ 112 ದಾಟುತ್ತದೆ. ಮೊಟ್ಟೆ ತಿನ್ನದವರು ನೂರು ಗ್ರಾಂ ಪನೀರ್ ಹಾಕಿಕೊಳ್ಳಿ.

ಬೆಳಗ್ಗೆ ಬಿಟ್ಟರೆ ಬೇರೆ ಹೊತ್ತೇ ಇಲ್ಲ, ಊಟವೂ ಒಂದು ಗಂಟೆಗೇ ಅನ್ನುವವರಿಗೆ ನಾನು ಹೇಳುವುದು ಇಷ್ಟು. ತೂಕ ಇಳಿಸುವುದು ಗುರಿಯಾಗಿದ್ದರೆ ನಡೆಯುತ್ತದೆ, ತಟ್ಟೆ ಸರಿ ಇರಲಿ. ಮೈ ಕಟ್ಟುವುದು ಗುರಿಯಾಗಿದ್ದರೆ ಈ ಹಠ ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ. ಜಿಮ್‌ನಿಂದ ಬಂದು ಒಂದು ಲೋಟ ಹಾಲು ಕುಡಿದರೆ ಯಾವ ದೇವರೂ ಮುನಿಯುವುದಿಲ್ಲ.

ನೀವು ಚೀಟಿಯಲ್ಲಿ ಕಳಿಸಿದ ಪ್ರಶ್ನೆಗಳು. ಕಾಫಿ ಕುಡಿಯಬಹುದಾ? ಕಪ್ಪು ಕಾಫಿ ಧಾರಾಳವಾಗಿ. ನಮ್ಮ ಮನೆಯ ಫಿಲ್ಟರ್ ಕಾಫಿ, ಮುಕ್ಕಾಲು ಲೋಟ ಹಾಲು, ಎರಡು ಚಮಚ ಸಕ್ಕರೆ, ಅದು ಕಾಫಿಯಲ್ಲ, ಸಣ್ಣ ತಿಂಡಿ. ಬಿಸಿಎಎ ಪುಡಿ? ಪ್ರೋಟೀನ್ ಕಟ್ಟುವ ಇಟ್ಟಿಗೆಗಳೇ ಅಮೈನೋ ಆಮ್ಲಗಳು. ಮೈಗೆ ಹೊರಗಿನಿಂದಲೇ ಬರಬೇಕಾದವು ಒಂಬತ್ತು, ಆ ಡಬ್ಬದಲ್ಲಿ ಇರುವುದು ಮೂರು. ಉಪ್ಪು, ಹುಳಿ, ಖಾರ ಇಟ್ಟುಕೊಂಡು ಬೇಳೆ ಇಲ್ಲದೆ ಸಾಂಬಾರು ಮಾಡಿದ ಹಾಗೆ. ಆಟೊಫಜಿ, ಅಂದರೆ ಜೀವಕೋಶ ತನ್ನೊಳಗಿನ ಹಳೆಯ ಸಾಮಾನನ್ನು ತಾನೇ ಒಡೆದು ಮತ್ತೆ ಬಳಸುವುದು, ಉಪವಾಸದಲ್ಲಿ ಆಗುತ್ತದಾ? ಅದರ ಕೆಲಸಕ್ಕೆ ಜಪಾನಿನ ವಿಜ್ಞಾನಿ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ನಿಜ, ಆದರೆ ಅವರು ಅದನ್ನು ಬಿಡಿಸಿ ನೋಡಿದ್ದು ಯೀಸ್ಟ್‌ನಲ್ಲಿ. ಅಲ್ಲಿಂದ ನಿಮ್ಮ ಹದಿನಾರು ಗಂಟೆಗೆ ನೇರ ಬಸ್ಸಿಲ್ಲ. ಗ್ರೋತ್ ಹಾರ್ಮೋನ್ ಉಪವಾಸದಲ್ಲಿ ಏರುತ್ತದೆ, ಹೌದು. ಆಗ ಅದರ ಕೆಲಸ ಇರುವ ಪ್ರೋಟೀನ್ ಉಳಿಸಿ ಕೊಬ್ಬನ್ನು ಖರ್ಚಿಗೆ ಬಿಡುವುದು. ಅದರಿಂದ ತೋಳು ಉಬ್ಬುವುದಿಲ್ಲ.

ಒಂದು ಚೀಟಿ ಮಾತ್ರ ನಗುವಂಥದ್ದಲ್ಲ. "ನನಗೆ 52 ವರ್ಷ, ಶುಗರ್‌ಗೆ ಗ್ಲಿಮೆಪಿರೈಡ್ ಮಾತ್ರೆ ತಗೋತೀನಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ವೆಯ್ಟ್ ಎತ್ತಬಹುದಾ?" ಬೇಡ. ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ನಿಮಗೆ ಅನ್ವಯಿಸುವುದಿಲ್ಲ. ಆ ಗುಂಪಿನ ಮಾತ್ರೆ, ಇನ್ಸುಲಿನ್ ಎರಡೂ ನೀವು ತಿಂದಿದ್ದೀರೋ ಇಲ್ಲವೋ ನೋಡದೆ ಸಕ್ಕರೆ ಇಳಿಸುತ್ತವೆ. ವ್ಯಾಯಾಮವೂ ಇಳಿಸುತ್ತದೆ. ನನ್ನ ಮೀಟರ್ 84 ತೋರಿಸಿದ ಜಾಗದಲ್ಲಿ ನಿಮ್ಮದು 50 ತೋರಿಸಬಹುದು, ಕೈಯಲ್ಲಿ ಬಾರ್ ಇರುವಾಗಲೇ. ಡಾಕ್ಟರ ಜೊತೆ ಡೋಸ್ ಮತ್ತು ಹೊತ್ತು ಎರಡನ್ನೂ ಮಾತಾಡಿ ಆಮೇಲೆ ಬನ್ನಿ. ಬಸುರಿಯರು, ಹಾಲುಣಿಸುವವರು, ಇನ್ನೂ ಬೆಳೆಯುತ್ತಿರುವ ಮಕ್ಕಳು, ಇವರಿಗೂ ಈ ಉಪವಾಸ ಬೇಡ. ಹೋದ ತಿಂಗಳು ಒಬ್ಬರು ಹದಿನೈದು ವರ್ಷದ ಮಗನನ್ನು ಕರೆದುಕೊಂಡು ಬಂದು "ಇವನಿಗೂ 16:8 ಮಾಡಿಸಿ" ಅಂದರು. ಹುಡುಗ ಕಡ್ಡಿ ಇದ್ದ ಹಾಗಿದ್ದ. ಮೊದಲು ಅವನಿಗೆ ತಿಂಡಿ ಕೊಡಿಸಿ ಅಂತ ಎದುರಿನ ಹೋಟೆಲಿಗೆ ಕಳಿಸಿದೆ.

ನೀವು ಏನು ಮಾಡ್ತೀರಿ ಸಾರ್ ಅಂತ ಕೊನೆಯ ಚೀಟಿ. ನಾನು ವಾರದಲ್ಲಿ ಐದು ದಿನ ತಿಂಡಿ ತಿನ್ನುವುದಿಲ್ಲ. ಬೆಳಗ್ಗೆ ಆರರಿಂದ ಹತ್ತರವರೆಗೆ ಬೇರೆಯವರಿಗೆ ಹೇಳಿಕೊಡುವುದೇ ಆಗುತ್ತದೆ. ಹನ್ನೊಂದೂವರೆಗೆ ನಾನು ಎತ್ತುತ್ತೇನೆ, ಖಾಲಿ ಹೊಟ್ಟೆಯಲ್ಲೇ. ಪಕ್ಕದಲ್ಲಿ ಉಪ್ಪು ಹಾಕಿದ ನೀರಿನ ಬಾಟಲಿ ಇರುತ್ತದೆ. ಪ್ರತಿ ಸೆಟ್ ಆದ ಮೇಲೆ ಒಂದು ನಿಮಿಷ ಕೂರುತ್ತೇನೆ, ನಿಂತಲ್ಲೇ ನಿಲ್ಲುವುದಿಲ್ಲ. ಒಂದು ಗಂಟೆಗೆ ತಟ್ಟೆ ಮುಂದಿರುತ್ತದೆ. ಶನಿವಾರ ಭಾನುವಾರ ಹೆಂಡತಿ ದೋಸೆ ಹಾಕುತ್ತಾಳೆ, ಎಂಟು ಗಂಟೆಗೇ ತಿನ್ನುತ್ತೇನೆ. ಇವತ್ತೂ ನಾಲ್ಕು ತಿಂದೇ ಬಂದಿದ್ದೇನೆ. ಅದಕ್ಕೇ ಶುರುವಿನಲ್ಲಿ ನಾನು ಕೈ ಎತ್ತಲಿಲ್ಲ.